ಯುದ್ಧಜ್ವರದ ಚಿರತೆ

ತೇಜಸ್ವಿ ಓದುವವರ ಮನೆಯ ಕಪಾಟಿನಲ್ಲಿ ಅವರ ಪುಸ್ತಕಗಳಿಗೇ ಒಂದು ಅಡ್ಡಹಲಗೆ ಮೀಸಲಾಗಿರುತ್ತದೆ. ನನ್ನದರಲ್ಲಿ ‘ಕಾಡಿನ ಕತೆಗಳು’ ಮತ್ತು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಒಂದು ತುದಿಗಿವೆ, ‘ಮಹಾಯುದ್ಧ’ದ ಸಂಪುಟಗಳು ಮತ್ತು ‘ಮಹಾಪಲಾಯನ’ ಇನ್ನೊಂದು ತುದಿಗೆ. ನಾನು ಜೋಡಿಸಿದ್ದೇ ಹಾಗೆ. ಬೇಟೆ ಬೇರೆ, ಯುದ್ಧ ಬೇರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಬಹುಕಾಲ ಹಾಗೆಯೇ ಓದಿಕೊಂಡು ಬಂದೆ. ಒಂದರಲ್ಲಿ ಕಾಡು, ಒಂಟಿ ಮನುಷ್ಯ, ಒಂದು ಮೃಗ. ಇನ್ನೊಂದರಲ್ಲಿ ದೇಶಗಳು, ಸೇನೆಗಳು, ಲಕ್ಷಗಟ್ಟಲೆ ಸಾವು.

ಈ ವಿಂಗಡಣೆ ತಪ್ಪು ಎಂದು ಈಗ ಅನ್ನಿಸುತ್ತಿದೆ. ರುದ್ರಪ್ರಯಾಗದ ಚಿರತೆಯ ಪುಸ್ತಕವನ್ನು ಯುದ್ಧದ ಪುಸ್ತಕವೆಂದೂ ಓದಬೇಕು. ಹಾಗೆ ಓದಿದರೆ ಜಿಮ್ ಕಾರ್ಬೆಟ್ ಎಂಬ ಲೇಖಕನ ದೊಡ್ಡತನವೂ ಅವನು ಅರ್ಧಕ್ಕೆ ಬಿಟ್ಟ ಕೆಲಸವೂ ಒಟ್ಟಿಗೇ ಕಾಣುತ್ತವೆ.

ಮೊದಲು ಕಥೆ. ಕೇದಾರ, ಬದರಿಗೆ ಹೋಗುವ ಯಾತ್ರಿಕರ ದಾರಿಯಲ್ಲಿ, ಗಢವಾಲದ ಬೆಟ್ಟಗಳಲ್ಲಿ, ಒಂದು ಗಂಡು ಚಿರತೆ 1918ರಿಂದ 1926ರವರೆಗೆ ಸರ್ಕಾರಿ ಲೆಕ್ಕದಲ್ಲಿ 125 ಜನರನ್ನು ಕೊಂದಿತು. ಕಾರ್ಬೆಟ್ 1926ರ ಮೇ ತಿಂಗಳ ಆರಂಭದ ಒಂದು ರಾತ್ರಿ ಗೋಲಾಬ್ರಾಯ್ ಎಂಬಲ್ಲಿ ಮಾವಿನ ಮರದ ಮೇಲೆ ಕೂತು ಅದನ್ನು ಹೊಡೆದ. ಪುಸ್ತಕ ಬಂದದ್ದು ಎರಡು ದಶಕಗಳ ಮೇಲೆ, 1948ರಲ್ಲಿ. ಕನ್ನಡದ ಹೆಸರಿನಲ್ಲಿರುವ ‘ಭಯಾನಕ’ ಇಂಗ್ಲಿಷ್ ಹೆಸರಿನಲ್ಲಿಲ್ಲ. ಅದು ತೇಜಸ್ವಿ ಸೇರಿಸಿದ ಮಸಾಲೆ. ಪುಸ್ತಕಕ್ಕೆ ಓದುಗರನ್ನು ತರುವುದು ಅವರಿಗೆ ಗೊತ್ತಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಪದದ ಭಾರವೆಲ್ಲ ಚಿರತೆಯ ಬೆನ್ನ ಮೇಲೆ ಬೀಳುತ್ತದೆ.

ಚಿರತೆ ನರಭಕ್ಷಕ ಆದದ್ದು ಹೇಗೆ? ಕಾರ್ಬೆಟ್ಟನ ವಿವರಣೆ ಎರಡು ಪುಸ್ತಕಗಳಲ್ಲಿ ಬರುತ್ತದೆ. ಹುಲಿ ನರಭಕ್ಷಕ ಆಗುವುದು ಸಾಮಾನ್ಯವಾಗಿ ಗಾಯದಿಂದ ಅಥವಾ ಮುಪ್ಪಿನಿಂದ. ಚಿರತೆಯ ವಿಷಯ ಬೇರೆ. ಅದು ಸತ್ತದ್ದನ್ನೂ ತಿನ್ನುತ್ತದೆ. ಬೆಟ್ಟದ ಮೇಲಿನ ಹಳ್ಳಿಗಳಿಂದ ಹೊಳೆದಂಡೆಗೆ ಹೆಣ ಹೊತ್ತು ತಂದು ಸುಡುವುದು ಸಾಮಾನ್ಯ ದಿನಗಳಲ್ಲೇ ಕಷ್ಟ. ಊರಿಗೆ ರೋಗ ಬಂದು ಸಾವು ಸಾಲುಗಟ್ಟಿದರೆ ಬಾಯಿಗೊಂದು ಕೆಂಡ ಇಟ್ಟು, ಬೆಟ್ಟದಂಚಿನಿಂದ ಕಣಿವೆಗೆ ಉರುಳಿಸಿಬಿಡುತ್ತಿದ್ದರು. ಹೆಣ ತಿಂದು ರೂಢಿಯಾದ ಚಿರತೆ, ರೋಗ ನಿಂತು ಹೆಣ ಸಿಗದಾದಾಗ, ಬದುಕಿದ್ದವರ ಬಾಗಿಲಿಗೆ ಬಂತು. ಕುಮಾಂವ್ ಸೀಮೆಯ ಇನ್ನೊಂದು ನರಭಕ್ಷಕ ಚಿರತೆಯ ಹಿಂದೆ ಕಾಲರಾ ಇತ್ತು, ರುದ್ರಪ್ರಯಾಗದ್ದರ ಹಿಂದೆ 1918ರ ಇನ್‌ಫ್ಲುಯೆಂಜಾ. ‘ಕುಮಾಂವಿನ ನರಭಕ್ಷಕಗಳು’ ಪುಸ್ತಕದ ಮುನ್ನುಡಿಯಲ್ಲಿ ಆ ರೋಗವನ್ನು ಜನ ಕರೆಯುತ್ತಿದ್ದ ಹೆಸರನ್ನೂ ಅವನು ಕೊಡುತ್ತಾನೆ: ಯುದ್ಧಜ್ವರ.

ಈ ಒಂದು ಪದದ ಹತ್ತಿರ ನಾವು ನಿಲ್ಲಬೇಕು. ಕಾರ್ಬೆಟ್ ನಿಲ್ಲುವುದಿಲ್ಲ. ಆ ಜ್ವರ ಭಾರತಕ್ಕೆ ಬಂದದ್ದು ಮುಂಬೈ ಬಂದರಿನ ಮೂಲಕ, ಸೈನಿಕರ ಓಡಾಟದ ಜೊತೆಗೆ. ಹರಡಿದ್ದು ರೈಲಿನಲ್ಲಿ. ಅವನು ಕೊಡುವ ಲೆಕ್ಕ ಹತ್ತು ಲಕ್ಷ ಚಿಲ್ಲರೆ ಸಾವಿನದು. ಈಗಿನ ಇತಿಹಾಸಕಾರರು ಒಂದು ಕೋಟಿಗೂ ಮೀರಿ ಎನ್ನುತ್ತಾರೆ. ಇದೇ ಗಢವಾಲದಿಂದ ಹುಡುಗರು 39ನೇ ಗಢವಾಲ್ ರೈಫಲ್ಸ್ ಸೇರಿ ಫ್ರಾನ್ಸಿನ ಕಂದಕಗಳಿಗೆ ಹೋಗಿದ್ದರು. ದರ್ವಾನ್ ಸಿಂಗ್ ನೇಗಿ, ಗಬರ್ ಸಿಂಗ್ ನೇಗಿ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು, ಎರಡನೆಯವರಿಗೆ ಸತ್ತ ಮೇಲೆ. ಕಾರ್ಬೆಟ್ ಕೂಡ 1917ರಲ್ಲಿ 500 ಕುಮಾಂವಿ ಕೂಲಿಗಳ ತುಕಡಿ ಕಟ್ಟಿ ಫ್ರಾನ್ಸಿಗೆ ಕರೆದೊಯ್ದವನು. ಯುದ್ಧ ಎಂದರೇನು, ಬೆಟ್ಟದ ಹಳ್ಳಿಯಿಂದ ಅದು ಏನನ್ನು ಕೊಂಡೊಯ್ಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲ ಬೇಟೆಗಾರ ಲೇಖಕ ಇನ್ನೊಬ್ಬನಿರಲಿಲ್ಲ. ಆದರೂ ಆ ಪದ ಒಮ್ಮೆ ಬಂದು ಹೋಗುತ್ತದೆ, ಕಥೆ ಹೆಜ್ಜೆಗುರುತಿನ ಹಿಂದೆ ಹೊರಡುತ್ತದೆ.

ಇಲ್ಲೊಂದು ತೊಡಕಿದೆ. ರುದ್ರಪ್ರಯಾಗದ ಪುಸ್ತಕದಲ್ಲಿ, ಸಾಂಕ್ರಾಮಿಕದ ಕೊನೆಗೆ ಚಿರತೆ ಕಾಣಿಸಿಕೊಂಡಿತು ಎಂದು ಹೇಳಿದ ಬೆನ್ನಿಗೇ ಕಾರ್ಬೆಟ್ ಮೊದಲ ಬಲಿಯ ತಾರೀಕು ಕೊಡುತ್ತಾನೆ: 1918ರ ಜೂನ್ 9, ಬೆಂಜಿ ಎಂಬ ಹಳ್ಳಿ. ಜ್ವರ ಮುಂಬೈ ಮುಟ್ಟಿದ್ದೇ ಆ ಹೊತ್ತಿಗೆ. ಜನರನ್ನು ರಾಶಿರಾಶಿಯಾಗಿ ಕೊಂದ ಎರಡನೇ ಅಲೆ ಎದ್ದದ್ದು ಸೆಪ್ಟೆಂಬರಿನಲ್ಲಿ. ಅಂದರೆ ಮೊದಲ ಬಲಿಯ ಹೊತ್ತಿಗೆ ಹೆಣಗಳು ಇನ್ನೂ ಕಣಿವೆಗೆ ಬಿದ್ದಿರಲಿಲ್ಲ. ವರ್ಷವಾರು ಅಂಕಿಗಳೂ ಇದೇ ಪುಸ್ತಕದಲ್ಲಿವೆ. 1918ರಲ್ಲಿ 1, 1919ರಲ್ಲಿ 3, 1920ರಲ್ಲಿ 6, ಆಮೇಲೆ 1921ರಲ್ಲಿ ಒಮ್ಮೆಗೇ 23. ಮೊದಲ ಸಾವು ಆಕಸ್ಮಿಕ, ರೂಢಿ ಅಂಟಿದ್ದು ಜ್ವರದ ಹೆಣಗಳಿಂದ ಎಂದು ಬೇಕಿದ್ದರೆ ವಾದಿಸಬಹುದು. ಆದರೆ ಕಾರ್ಬೆಟ್ ಹಾಗೆ ವಾದಿಸಿಲ್ಲ. ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಮುಂದೆ ಹೋಗಿದ್ದಾನೆ. ಒಂದು ಗೀರಿದ ಗೊರಸಿನಿಂದ ಇಡೀ ರಾತ್ರಿಯ ಕಥೆ ಹೇಳಬಲ್ಲವನಿಗೆ ತನ್ನದೇ ತಾರೀಕಿನ ಎಡವಟ್ಟು ಕಾಣಲಿಲ್ಲವೇ?

ನನಗನ್ನಿಸುವುದು, ಅವನಿಗೆ ಯುದ್ಧಜ್ವರ ಬೇಕಾಗಿತ್ತು. ಚಿರತೆ ತಾನಾಗಿ ದುಷ್ಟವಾಗಿರಲಿಲ್ಲ, ಮನುಷ್ಯರ ಲೋಕದಲ್ಲಿ ಎಲ್ಲೋ ಏನೋ ಕೆಟ್ಟು ಅದು ಹೀಗಾಯಿತು ಎಂಬ ಅವನ ಆಳದ ನಂಬಿಕೆಗೆ ಒಂದು ಕಾರಣ ಬೇಕಾಗಿತ್ತು. ಸತ್ತ ಚಿರತೆಯ ಮುಂದೆ ನಿಂತು ಅವನು ಬರೆಯುವ ಮಾತು ಎಲ್ಲರಿಗೂ ನೆನಪಿರುತ್ತದೆ: ಅದೊಂದು ಮುದಿ ಪ್ರಾಣಿ, ಅದು ಮೀರಿದ್ದು ಮನುಷ್ಯರ ಕಟ್ಟಳೆಯನ್ನೇ ಹೊರತು ನಿಸರ್ಗದ್ದನ್ನಲ್ಲ, ಬದುಕುವುದಕ್ಕಾಗಿ ಕೊಂದಿತು ಎಂಬರ್ಥದ ಮಾತು. ಬೇಟೆ ಸಾಹಿತ್ಯದಲ್ಲಿ ಇಂಥ ಗಳಿಗೆ ಅಪರೂಪ. ಆದರೆ ಗಮನಿಸಿ, ಅವನು ಚಿರತೆಯನ್ನು ಖುಲಾಸೆ ಮಾಡುತ್ತಾನೆ, ಅದರ ಜಾಗದಲ್ಲಿ ಯಾರನ್ನೂ ಕಟಕಟೆಗೆ ಕರೆಯುವುದಿಲ್ಲ. 125 ಸಾವುಗಳಿಗೆ ಕೊನೆಗೆ ಹೊಣೆಗಾರರೇ ಇಲ್ಲ. ಹೆಣಗಳನ್ನು ಕಣಿವೆಗೆ ಉರುಳಿಸಿದ ಬಡವರು ಮಾತ್ರ ಓದುಗನ ಮನಸ್ಸಿನಲ್ಲಿ ಉಳಿಯುತ್ತಾರೆ, ತಪ್ಪೆಲ್ಲ ಅವರದೇ ಎಂಬಂತೆ.

ಚಿರತೆ ಹಿಡಿಯಲು ಸರ್ಕಾರ ಮಾಡಿದ್ದೂ ಯುದ್ಧದ ಮುಂದುವರಿಕೆಯ ಹಾಗೇ ಇದೆ. ಹೊಸದಾಗಿ ಬಂದೂಕಿನ ಲೈಸೆನ್ಸ್, ಬಹುಮಾನ, ಸಿಡಿಮದ್ದು, ವಿಷ. ರಜೆಯ ಮೇಲೆ ಊರಿಗೆ ಬರುವ ಗಢವಾಲಿ ಸಿಪಾಯಿಗಳು ತಮ್ಮ ಸೈನ್ಯದ ರೈಫಲ್ಲನ್ನೇ ತರಬಹುದೆಂದು ಅನುಮತಿ. ಅಷ್ಟು ಬಂದೂಕು ಒಂದು ಸೀಮೆಗೆ ಬಂದರೆ ಗುಂಡು ಬೀಳುವುದು ನರಭಕ್ಷಕನ ಮೇಲೆ ಮಾತ್ರವೇ? ಸಂಶಯಕ್ಕೆ ಬಲಿಯಾದ ಚಿರತೆಗಳ ಲೆಕ್ಕವನ್ನು ಕಾರ್ಬೆಟ್ ಸ್ವಲ್ಪ ಹೇಳುತ್ತಾನೆ, ಉಳಿದ ಪ್ರಾಣಿಗಳದ್ದು ಕಥೆಯ ಹೊರಗೆ.

ಯುದ್ಧದ ಸುದ್ದಿ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುವುದುಂಟು. ದೊಡ್ಡ ಯುದ್ಧವಾದರೆ ಬೇಟೆಯಾಡುವ ಗಂಡಸರೆಲ್ಲ ಸೈನ್ಯಕ್ಕೆ ಹೋಗುತ್ತಾರೆ, ಆಗ ಕಾಡಿಗೆ ಲಾಭವೇ ಅಲ್ಲವೇ? ಒಂದು ಕಡೆ ಹಾಗೇ ಆಯಿತು, ಕಾಡಿನಲ್ಲಲ್ಲ, ಕಡಲಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಬಹುಮಟ್ಟಿಗೆ ನಿಂತಿತು. ಉಂಬೆರ್ಟೊ ಡಂಕೋನ ಎಂಬ ಜೀವವಿಜ್ಞಾನಿ ಅಲ್ಲಿನ ಮೀನು ಮಾರುಕಟ್ಟೆಗಳ ಲೆಕ್ಕ ತೆಗೆದು ನೋಡಿದಾಗ, ಫಿಯುಮೆ ಬಂದರಿನಲ್ಲಿ ಶಾರ್ಕ್, ತೊರಕೆಯಂಥ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ನೂರಕ್ಕೆ ಸುಮಾರು 12 ಇದ್ದದ್ದು 1918ರಲ್ಲಿ 36ಕ್ಕೆ ಏರಿತ್ತು. ಮನುಷ್ಯ ಬೇಟೆ ನಿಲ್ಲಿಸಿದರೆ ಎಲ್ಲ ಮೀನೂ ಒಂದೇ ಸಮ ಹೆಚ್ಚಬೇಕಲ್ಲ, ತಿನ್ನುವ ಮೀನು ಮಾತ್ರ ಏಕೆ ಇಷ್ಟು ಹೆಚ್ಚಿತು? ಅವನು ಈ ಪ್ರಶ್ನೆಯನ್ನು ಗಣಿತಜ್ಞ ವಿಟೊ ವೋಲ್ಟೆರಾ ಮುಂದಿಟ್ಟ. ವೋಲ್ಟೆರಾ ಬರೆದ ಸಮೀಕರಣಗಳನ್ನು ಇವತ್ತಿಗೂ ಪರಿಸರ ವಿಜ್ಞಾನದ ಪಾಠದಲ್ಲಿ ಹೇಳಿಕೊಡುತ್ತಾರೆ. ಅವು ಪ್ರಕಟವಾದದ್ದು 1926ರಲ್ಲಿ, ಗೋಲಾಬ್ರಾಯಿಯ ಮಾವಿನ ಮರದ ಕೆಳಗೆ ಚಿರತೆ ಸತ್ತ ವರ್ಷ. ಒಂದೇ ಯುದ್ಧದ ನೆರಳು ಒಂದು ಕಡೆ ಸಮೀಕರಣವಾಯಿತು, ಇನ್ನೊಂದು ಕಡೆ ಸಾಹಸಕಥೆ. ಸಮೀಕರಣದಲ್ಲಿ ಯುದ್ಧಕ್ಕೆ ಜಾಗವಿದೆ ಎನ್ನುವುದು ನಾವು ಸಾಹಿತ್ಯದವರು ಸ್ವಲ್ಪ ನಾಚಿಕೊಳ್ಳಬೇಕಾದ ಸಂಗತಿ.

ನೆಲದ ಮೇಲೆ ಆದದ್ದು ಬೇರೆ. ಪೋಲೆಂಡಿನ ಬಿಯಾಲೊವಿಯೆಜಾ ಕಾಡು ರಷ್ಯದ ಚಕ್ರವರ್ತಿಗಳ ಬೇಟೆಗೆ ಮೀಸಲಾಗಿತ್ತು. ಯುದ್ಧ ಶುರುವಾದಾಗ ಅಲ್ಲಿ 700ಕ್ಕೂ ಹೆಚ್ಚು ಯುರೋಪಿನ ಕಾಡೆಮ್ಮೆಗಳಿದ್ದವು. ಕಾವಲಿನವರು ಹೋದರು, ಜರ್ಮನ್ ಸೈನ್ಯ ಬಂತು, ಹಸಿವು ಬಂತು. 1919ರ ಹೊತ್ತಿಗೆ ಆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಈಗ ಅಲ್ಲಿರುವವು ಮೃಗಾಲಯಗಳಲ್ಲಿ ಉಳಿದಿದ್ದ ಕೆಲವೇ ಪ್ರಾಣಿಗಳ ಸಂತತಿ. ರಾಜನ ಬೇಟೆಗೆಂದು ಉಳಿದ ಕಾಡು ರಾಜನ ಜೊತೆಗೇ ಬೀಳುತ್ತದೆ. ಬಂಡೀಪುರವನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ, ಅದೂ ಮೈಸೂರು ಅರಸರ ಬೇಟೆಕಾಡೇ.

ಎರಡನೇ ಮಹಾಯುದ್ಧದಲ್ಲಿ ಬೇಟೆಯೂ ಯುದ್ಧವೂ ಇನ್ನೂ ಹತ್ತಿರವಾದವು. ಎಪ್ಪತ್ತರ ಅಂಚಿನಲ್ಲಿದ್ದ ಕಾರ್ಬೆಟ್, ಬರ್ಮಾಕ್ಕೆ ಹೊರಟ ಸೈನಿಕರಿಗೆ ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸಿದ. ಹೆಜ್ಜೆ ಓದುವುದು, ಸದ್ದಿಲ್ಲದೆ ನಡೆಯುವುದು, ಹಕ್ಕಿಯ ಕೂಗಿನಿಂದ ಅಪಾಯ ತಿಳಿಯುವುದು: ಹುಲಿಯ ಹಿಂದೆ ಕಲಿತದ್ದೆಲ್ಲ ಮನುಷ್ಯನ ಹಿಂದೆ ಹೋಗಲು ಬಳಕೆಯಾಯಿತು. ‘ಕುಮಾಂವಿನ ನರಭಕ್ಷಕಗಳು’ ಬಂದದ್ದು 1944ರಲ್ಲಿ, ಆ ಯುದ್ಧದ ನಡುವೆ. ಮೊದಲ ಮುದ್ರಣದ ಗೌರವಧನವನ್ನು ಅವನು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಕೊಟ್ಟ.

ಯುದ್ಧ ಈ ಸಾಲವನ್ನು ಕೆಟ್ಟ ರೀತಿಯಲ್ಲಿ ತೀರಿಸಿತು. ಸೈನ್ಯಕ್ಕೆ ಬೇಡವಾದ ಜೀಪುಗಳು ಮಾರಾಟಕ್ಕೆ ಬಂದವು. ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕುಕ್ಕಿ ನಿಂತ ಪ್ರಾಣಿಗೆ ಗುಂಡು ಹೊಡೆಯಲು ಹೆಜ್ಜೆ ಓದಬೇಕಿಲ್ಲ, ಹಕ್ಕಿಯ ಕೂಗು ಕೇಳಬೇಕಿಲ್ಲ. ಭಾರತದ ಕೊನೆಯ ಮೂರು ಚೀತಾಗಳನ್ನು ಮಧ್ಯ ಭಾರತದ ಕೊರಿಯಾ ಸಂಸ್ಥಾನದ ರಾಜ ಹೊಡೆದದ್ದು 1947ರಲ್ಲಿ, ರಾತ್ರಿ, ವಾಹನದಲ್ಲಿ ಹೋಗುವಾಗ. ಕಾರ್ಬೆಟ್ಟನ ಕೈಯಲ್ಲಿ ವಿದ್ಯೆಯಾಗಿದ್ದದ್ದು ಒಂದು ಗುಂಡಿ ಒತ್ತುವಷ್ಟು ಸುಲಭವಾಯಿತು. ಬೇಟೆ ಸಾಹಿತ್ಯದ ಜನಪ್ರಿಯತೆ ಏರುತ್ತಾ ಹೋದ ಕಾಲವೂ ಇದೇ. ಪುಸ್ತಕದೊಳಗೆ ಒಂಟಿ ಮನುಷ್ಯ ರಾತ್ರಿಗಟ್ಟಲೆ ಮರದ ಮೇಲೆ ಕೂರುತ್ತಿದ್ದ, ಹೊರಗೆ ಜೀಪುಗಳು ಓಡಾಡುತ್ತಿದ್ದವು.

ಕೆನೆತ್ ಆಂಡರ್ಸನ್ ಬರೆದದ್ದು ಈ ಜೀಪಿನ ಕಾಲದಲ್ಲೇ. ಅವನ ಮೊದಲ ಪುಸ್ತಕ 1954ರದ್ದು. ತೇಜಸ್ವಿ ಕನ್ನಡಕ್ಕೆ ತಂದ ‘ಜಾಲಹಳ್ಳಿಯ ಕುರ್ಕ’ನನ್ನು ಬೆಂಗಳೂರಿನಲ್ಲಿ ಓದುವಾಗ, ಆ ಜಾಲಹಳ್ಳಿಯಲ್ಲಿ ಎರಡನೇ ಮಹಾಯುದ್ಧಕ್ಕೆಂದು ದೊಡ್ಡ ಸೈನಿಕ ಆಸ್ಪತ್ರೆ ಎದ್ದಿತ್ತು, ಇಟಲಿಯ ಯುದ್ಧಕೈದಿಗಳು ಅದನ್ನು ಕಟ್ಟಲು ದುಡಿದಿದ್ದರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಕುರ್ಕ ಅದೇ ಕುರ್ಕನೇ, ಅದರ ಸುತ್ತಲಿನ ಬಯಲು ಬೇರೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿ ಕಾರ್ಬೆಟ್ಟನನ್ನು ಕೆಳಗಿಳಿಸುವ ಆಸೆ ನನಗಿಲ್ಲ. ಅವನು ಮಾಡದೆ ಬಿಟ್ಟದ್ದನ್ನು ಮಾಡಲು ಬೇಕಾದ ಸಾಮಗ್ರಿಯನ್ನೆಲ್ಲ ಅವನೇ ಪುಸ್ತಕದೊಳಗೆ ಇಟ್ಟಿದ್ದಾನೆ, ತಾರೀಕು, ಅಂಕಿ, ರೋಗದ ಹೆಸರು. ರುದ್ರಪ್ರಯಾಗದ ಪುಸ್ತಕದಲ್ಲಿ ವರ್ಷದ ಲೆಕ್ಕದ ಜೊತೆಗೆ ಊರುಗಳ ಪಟ್ಟಿಯೂ ಇದೆ. ಚೋಪ್ರಾದಲ್ಲಿ 6 ಜನ, ಕೋಠ್ಕಿಯಲ್ಲಿ 5, ಹೀಗೆ. ಮೊದಲ ಓದಿನಲ್ಲಿ ಎಲ್ಲರೂ ಹಾರಿಸಿಬಿಡುವ ಪುಟ ಅದು. ಬಾಯಲ್ಲಿ ಕೆಂಡ ಇಟ್ಟುಕೊಂಡು ಕಣಿವೆಗೆ ಇಳಿದವರ ಊರಿನ ಪಟ್ಟಿ ಅದರ ಪಕ್ಕದಲ್ಲಿಲ್ಲ.