ಜೊತೆಗೆ ಹೋಗುವವಳ ಮೇಜು

ನಮ್ಮ ಮನೆಯಲ್ಲಿ ‘ಟೂರು’ ಎಂದರೆ ಬಹುಕಾಲ ಒಂದೇ ಅರ್ಥ. ನಮ್ಮವರು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಪರಸ್ಥಳ. ನಾನು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಡುವುದು, ಅವರು ರಾತ್ರಿ ಬಸ್ಸು ಹತ್ತುವುದು, ವಾರದ ಮೇಲೆ ಒಂದು ಚೀಲ ಕೊಳೆಬಟ್ಟೆಯೊಡನೆ ಇಳಿಯುವುದು. ಇಷ್ಟೇ ಟೂರು. “ರಜಾ ಇದ್ದಾಗ ನೀನೂ ಬಾರೇ, ರೂಮಿನ ಖರ್ಚು ಹೇಗೂ ಇದ್ದದ್ದೇ” ಎಂದು ಅವರು ಅನ್ನುತ್ತಲೇ ಇದ್ದರು. ಗಂಡನ ಕೆಲಸದ ಊರಿಗೆ ಹೆಂಡತಿ ಹೋಗಿ ಮಾಡುವುದಾದರೂ ಏನು ಎಂದು ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಈ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕವೊಂದಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ಕಳೆದ ಬೇಸಿಗೆ ರಜೆಯಲ್ಲಿ ಒಂದು ಪುಸ್ತಕ ಕೈಗಿಟ್ಟು, “ಇದನ್ನು ನೀವು ಓದಲೇಬೇಕು, ನಿಮ್ಮದೇ ಕತೆ” ಎಂದರು. ಬರೆದವರು ಅಗಾಥಾ ಕ್ರಿಸ್ಟಿ. ಕೊಲೆಯ ಕಾದಂಬರಿ ಬರೆಯುವಾಕೆಗೂ ನನಗೂ ಎಲ್ಲಿಯ ನಂಟು ಎಂದುಕೊಂಡೇ ತೆರೆದೆ. ಆದರೆ ಇದು ಪತ್ತೇದಾರಿ ಪುಸ್ತಕವಲ್ಲ. ಹೆಸರು ‘ಕಮ್, ಟೆಲ್ ಮಿ ಹೌ ಯು ಲಿವ್’. ಬಾ, ಹೇಗೆ ಬದುಕುತ್ತೀ ಹೇಳು ಎಂಬ ಅರ್ಥ. ಅರಬ್ಬಿಯಲ್ಲಿ ‘ಟೆಲ್’ ಎಂದರೆ ಹಳೆಯ ಊರುಗಳು ಹೂತುಹೋದ ಮಣ್ಣಿನ ದಿಬ್ಬ. ಹೆಸರಿನಲ್ಲೇ ಒಂದು ಚಮತ್ಕಾರ.

ಅಗಾಥಾ 1930ರಲ್ಲಿ ಮ್ಯಾಕ್ಸ್ ಮ್ಯಾಲೋವನ್ ಎಂಬ ಪ್ರಾಚ್ಯವಸ್ತು ಸಂಶೋಧಕರನ್ನು ಮದುವೆಯಾದರು. ಇಬ್ಬರ ಭೇಟಿ ಆದದ್ದೇ ಇರಾಕಿನ ಊರ್ ಎಂಬ ಉತ್ಖನನದ ಜಾಗದಲ್ಲಿ. ಆಕೆಗೆ ಅದು ಎರಡನೆಯ ಮದುವೆ. ಗಂಡ ಹದಿನಾಲ್ಕು ವರ್ಷ ಚಿಕ್ಕವರು. ಮ್ಯಾಕ್ಸ್ 1930ರ ದಶಕದಲ್ಲಿ ಸಿರಿಯಾದ ಛಾಗರ್ ಬಜಾರ್, ಟೆಲ್ ಬ್ರಾಕ್ ಎಂಬ ದಿಬ್ಬಗಳನ್ನು ಅಗೆಸುವಾಗ ಆಕೆ ಜೊತೆಗೇ ಇದ್ದರು. ಅಲ್ಲಿಯ ಸಂಸಾರದ ಕತೆಯೇ ಈ ಪುಸ್ತಕ.

ಮೊದಲ ಪುಟಗಳಲ್ಲೇ ನಾನು ಸೋತೆ. ಚಳಿಗಾಲದ ಲಂಡನ್ನಿನಲ್ಲಿ ಬೇಸಿಗೆಯ ಬಟ್ಟೆ ಹುಡುಕುವ ಪಾಡು, ಅದರಲ್ಲೂ ತನ್ನ ದಪ್ಪ ಮೈಗೆ ಒಗ್ಗುವಂಥದ್ದು ಸಿಗದ ಪಾಡು. ಆಮೇಲೆ ಪೆಟ್ಟಿಗೆ ಕಟ್ಟುವ ಸಂಭ್ರಮ. ಗಂಡನಿಗೆ ಪುಸ್ತಕಗಳದ್ದೇ ಚಿಂತೆ. ತನ್ನ ಪೆಟ್ಟಿಗೆ ತುಂಬಿದ ಮೇಲೆ ಹೆಂಡತಿಯ ಪೆಟ್ಟಿಗೆಗೆ ಕೈಹಾಕುತ್ತಾರೆ. ನಮ್ಮವರು ಫೈಲುಗಳನ್ನು ನನ್ನ ಸೀರೆಗಳ ನಡುವೆ ತುರುಕುತ್ತಿದ್ದುದು ನೆನಪಾಗಿ ಒಬ್ಬಳೇ ನಕ್ಕೆ. ಇನ್ನು ಅಮೂದಾ ಎಂಬ ಊರಿನ ಮೊದಲ ರಾತ್ರಿ. ದೀಪ ಆರಿಸಿದ್ದೇ ತಡ, ಇಲಿಗಳ ದಂಡು ಹಾಸಿಗೆಯ ಮೇಲೆಲ್ಲ ಓಡಾಡುತ್ತದೆ. ಎಷ್ಟೋ ಕೊಲೆಗಳನ್ನು ತಣ್ಣಗೆ ಬರೆದಾಕೆ ಕಂಗಾಲಾಗಿ, ತಾನು ಊರಿಗೆ ಹೊರಟೇಬಿಡುತ್ತೇನೆ ಎಂದು ಹಟ ಹಿಡಿಯುತ್ತಾರೆ. ಗಂಡ ವಾದಕ್ಕೆ ನಿಲ್ಲುವುದಿಲ್ಲ, ಮಂಚಗಳನ್ನು ಅಂಗಳಕ್ಕೆ ಹಾಕಿಸುತ್ತಾರೆ. ಆಕಾಶದ ಕೆಳಗೆ ಆಕೆಗೆ ನಿದ್ದೆ ಹತ್ತುತ್ತದೆ. ಆಮೇಲೆ ಬೆಕ್ಕೊಂದು ಬಂದು ಮನೆಯನ್ನು ಚೊಕ್ಕಟ ಮಾಡುತ್ತದೆ. ದಾಂಪತ್ಯದ ಬಗ್ಗೆ ಪ್ರವಚನ ಕೊಡುವ ನೂರು ಪುಸ್ತಕ ಇದೊಂದು ಪ್ರಸಂಗಕ್ಕೆ ಸಮವಲ್ಲ ಎನ್ನಿಸಿತು.

ಹಾಗೆಂದು ಓದುತ್ತಾ ಓದುತ್ತಾ ಒಂದು ಮುಳ್ಳೂ ಚುಚ್ಚತೊಡಗಿತು. ಇಷ್ಟು ಸುಖ ಈಕೆಗೆ ಹೇಗೆ ದಕ್ಕಿತು? ನನಗೇಕೆ ಮೊದಲ ಸಲ ದಕ್ಕಲಿಲ್ಲ?

ನನ್ನ ಮೊದಲ ಸಲ ಎಂದರೆ 1998ರ ದಸರಾ ರಜೆ. ಆಗಿನ್ನೂ ಬಿಜಾಪುರ ಎಂದೇ ಹೆಸರಿದ್ದ ವಿಜಯಪುರ. ಮಗನನ್ನು ನೋಡಿಕೊಳ್ಳಲು ಅತ್ತೆಯವರು ಒಪ್ಪಿ, “ಹೋಗಿ ಬಾರಮ್ಮ, ನಾನಂತೂ ಹೋಗಲಿಲ್ಲ” ಎಂದಿದ್ದರು. ಎರಡು ದಿನ ಲಾಡ್ಜಿನ ಕೋಣೆಯಲ್ಲಿ ಕೂತು ಗೋಡೆ ನೋಡಿದೆ. ಐದಕ್ಕೆ ಬರುತ್ತೇನೆ ಎಂದವರು ಎಂಟಕ್ಕೆ ಬರುತ್ತಿದ್ದರು. ಮೂರನೆಯ ದಿನ ಒಬ್ಬಳೇ ಗೋಲಗುಮ್ಮಟಕ್ಕೆ ಹೋದೆ. ಮೂಲೆಯ ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿ ತಲುಪಿದೆ. ಮಹಮ್ಮದ್ ಆದಿಲ್ ಶಾಹಿಯ ಗೋರಿಯ ಮೇಲಿನ ಆ ಗುಮ್ಮಟದೊಳಗೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ತುದಿಯಲ್ಲಿರುವವರಿಗೆ ಕೇಳುತ್ತದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಹಾಗೆ ಮಾತಾಡಿ ನಗುತ್ತಿತ್ತು. ನನ್ನ ಎದುರು ತುದಿಯಲ್ಲಿ ಯಾರಿದ್ದರು? ಅಂದು ರಾತ್ರಿ ಜಗಳವಾಯಿತು. “ನಾನೇನು ನಿಮ್ಮ ಲಗೇಜೇನ್ರೀ? ತಂದು ಕೋಣೆಯಲ್ಲಿಟ್ಟು ಹೋಗೋದಕ್ಕೆ?” ಎಂದು ಅತ್ತೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನನಗೆ ಸಂಜೆ ಕೋಣೆಗೆ ಬಂದರೆ ನೀನು ಇರುತ್ತೀ ಅನ್ನೋದೇ ಸಂತೋಷ ಕಣೇ. ನಿನಗೆ ಏನು ಸಂತೋಷ ಅಂತ ಯೋಚಿಸಲಿಲ್ಲ” ಎಂದರು. ಆ ಮಾತಿಗೆ ಕೋಪ ಇಳಿಯಿತು, ಪ್ರಶ್ನೆ ಉಳಿಯಿತು.

ಇದಕ್ಕೆ ಉತ್ತರ ಅಗಾಥಾರ ಈ ಪುಸ್ತಕದಲ್ಲಿ ಇಲ್ಲ. ಇದೇ ಇದರ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಆಕೆ ತನ್ನನ್ನು ಚಿತ್ರಿಸಿಕೊಂಡಿರುವುದು ಗಂಡನ ಹಿಂದೆ ಹೊರಟ ದಪ್ಪ ಮೈಯ, ಸ್ವಲ್ಪ ಮಂಕಾದ, ನಗೆಚಾಟಿಕೆಯ ಹೆಂಗಸಾಗಿ. ಮಡಕೆ ಚೂರು ತೊಳೆಯುವುದು, ಫೋಟೋ ತೊಳೆಯುವುದು, ಅಡುಗೆಯವನಿಗೆ ಹೇಳಿಕೊಡುವುದು ಎಲ್ಲ ಬರುತ್ತದೆ. ತನ್ನ ಬರವಣಿಗೆ ಬಂದರೆ ತಮಾಷೆಯ ಒಂದೆರಡು ಮಾತಿನಲ್ಲಿ ಹಾದುಹೋಗುತ್ತದೆ. ಪುಸ್ತಕಕ್ಕೆ ಹಾಕಿಕೊಂಡ ಹೆಸರೂ ಅಗಾಥಾ ಕ್ರಿಸ್ಟಿ ಮ್ಯಾಲೋವನ್. ಆದರೆ ನಿಜಸಂಗತಿ ಬೇರೆ. ‘ಮರ್ಡರ್ ಇನ್ ಮೆಸೊಪೊಟೇಮಿಯಾ’ 1936, ‘ಡೆತ್ ಆನ್ ದಿ ನೈಲ್’ 1937, ‘ಅಪಾಯಿಂಟ್‌ಮೆಂಟ್ ವಿತ್ ಡೆತ್’ 1938. ಇವೆಲ್ಲ ಈ ಯಾತ್ರೆಗಳ ವರ್ಷಗಳಲ್ಲೇ ಹೊರಬಂದ ಕಾದಂಬರಿಗಳು. ಜೊತೆಗೆ ಹೋದವರು ಸುಮ್ಮನೆ ಹೋಗಿರಲಿಲ್ಲ.

ಮುಚ್ಚಿಟ್ಟದ್ದನ್ನು ಆಕೆಯೇ ಇನ್ನೊಂದು ಪುಸ್ತಕದಲ್ಲಿ ಹೇಳಿದ್ದಾರೆ. 1976ರಲ್ಲಿ ಆಕೆ ತೀರಿಕೊಂಡ ಮರುವರ್ಷ ಅಚ್ಚಾದ ಆತ್ಮಕಥೆಯಲ್ಲಿ ಒಂದು ಮೇಜಿನ ಕತೆಯಿದೆ. ಸಿರಿಯಾಕ್ಕೆ ಬರುವ ಮೊದಲು ಗಂಡಹೆಂಡಿರು ನಿನೆವೆಯಲ್ಲಿದ್ದಾಗ, ಬರೆಯಲು ಗಟ್ಟಿಯಾದ ಮೇಜು ಬೇಕೆಂದು ಆಕೆ ಹತ್ತು ಪೌಂಡು ಕೊಟ್ಟು ಒಂದನ್ನು ಕೊಂಡರು. ಪೆಟ್ಟಿಗೆಗಳ ಮೇಲೆ ಕೂತು ಕೆಲಸ ಮಾಡುವ ಆ ಶಿಬಿರದ ಹಿರಿಯರಿಗೆ ಇಂಥ ದುಂದುವೆಚ್ಚ ಸಹಿಸಲಾಗಲಿಲ್ಲ. ಆಕೆ ಮಾತ್ರ ಬಿಟ್ಟುಕೊಡಲಿಲ್ಲ. ಮುಂದೆ ನಿಮ್ರೂದ್‌ನಲ್ಲಿ ಬರವಣಿಗೆಗೆಂದೇ ಒಂದು ಪುಟ್ಟ ಕೋಣೆ ಕಟ್ಟಿಸಿಕೊಂಡರು. ಅದಕ್ಕೆ ‘ಬೈತ್ ಅಗಾಥಾ’, ಅಂದರೆ ಅಗಾಥಾರ ಮನೆ, ಎಂದು ಹೆಸರು. ಆತ್ಮಕಥೆ ಬರೆಯಲು ಕೂತದ್ದೂ ಅಲ್ಲೇ, 1950ರಲ್ಲಿ.

ಮೇಜಿನ ಮಾತು ಓದಿದಾಗ ನನಗೆ ನನ್ನದೇ ಎರಡನೆಯ ಟೂರು ಅರ್ಥವಾಯಿತು. ಆ ಸಲ ಕಾರವಾರ, 2003ರಲ್ಲಿ. ನಾನು ಸಮಾಜ ವಿಜ್ಞಾನ ಕಲಿಸುವವಳು. ಮಕ್ಕಳ ಟೆಸ್ಟ್ ಪುಸ್ತಕಗಳ ಕಟ್ಟನ್ನೂ ಒಂದು ನೂರು ಪುಟದ ನೋಟುಬುಕ್ಕನ್ನೂ ಹೊತ್ತುಕೊಂಡೇ ಹೋಗಿದ್ದೆ. ಲಾಡ್ಜಿನ ಮ್ಯಾನೇಜರನ್ನು ಕೇಳಿ ಒಂದು ಮೇಜು ಹಾಕಿಸಿಕೊಂಡೆ. ಬೆಳಿಗ್ಗೆ ತಿದ್ದುವುದು, ಮಧ್ಯಾಹ್ನ ಮೀನು ಮಾರುವ ಹೆಂಗಸರನ್ನು ಮಾತಾಡಿಸುವುದು, ಬಲೆ, ದೋಣಿ, ಕಾಳಿ ನದಿ ಸಮುದ್ರಕ್ಕೆ ಸೇರುವ ಜಾಗ ಎಲ್ಲವನ್ನೂ ನೋಡಿ ಪಾಠಕ್ಕೆಂದು ಬರೆದುಕೊಳ್ಳುವುದು. ಸಂಜೆ ಅವರು ಬಂದಾಗ ನನ್ನ ಹತ್ತಿರವೂ ಹೇಳಲು ಸುದ್ದಿ ಇರುತ್ತಿತ್ತು. ತಡವಾದರೆ ಗಡಿಯಾರ ನೋಡುತ್ತಿರಲಿಲ್ಲ. ಸಮುದ್ರದ ದಂಡೆಯಲ್ಲಿ ಕೂತು ಅವರು ಲೆಕ್ಕಪತ್ರದ ಗೋಳು, ನಾನು ಬೆಲೆ ಚೌಕಾಸಿಯ ಕತೆ ಹೇಳಿಕೊಂಡೆವು. ಮದುವೆಯಾಗಿ ಎಂಟು ವರ್ಷವಾದರೂ ಅಷ್ಟು ಮಾತಾಡಿರಲಿಲ್ಲ.

ಪುಸ್ತಕದ ಇನ್ನೊಂದು ತಪ್ಪನ್ನೂ ಹೇಳದೆ ಬಿಡಲಾಗದು. ಆಕೆಯ ನಗೆಗೆ ಬಹಳ ಸಲ ಗುರಿಯಾಗುವವರು ಅಡುಗೆಯವರು, ಮನೆಗೆಲಸದ ಆಳುಗಳು. ಆ ಕಾಲದ ಬಿಳಿಯರ ಠೀವಿ ಅಲ್ಲಲ್ಲಿ ಇಣುಕುತ್ತದೆ. ಊರಿನ ಹೆಂಗಸರು ಆಕೆಯನ್ನು ‘ಖಾತೂನ್’ ಎಂದು ಕರೆದು, ಔಷಧಿ ಕೇಳಿಕೊಂಡು ಬರುತ್ತಾರೆ. ಭಾಷೆ ಬಾರದೆ ಕೈಸನ್ನೆಯಲ್ಲೇ ಹೊಟ್ಟೆನೋವು, ಕಣ್ಣುಬೇನೆ ವಿವರಿಸುತ್ತಾರೆ. ಆಕೆ ಕರುಣೆಯಿಂದಲೇ ನೋಡುತ್ತಾರೆ. ಕುರ್ದ್ ಹೆಂಗಸರ ಬಣ್ಣದ ಉಡುಪು, ತಲೆಯೆತ್ತಿದ ನಡಿಗೆಯನ್ನು ಮೆಚ್ಚುತ್ತಾರೆ. ಆದರೆ ಆ ಹೆಂಗಸರು ಹೇಗೆ ಬದುಕುತ್ತಾರೆ ಎಂಬುದು ಬಾಗಿಲ ಆಚೆಗೇ ಉಳಿಯಿತು. ಈ ತಪ್ಪು ಎತ್ತುವಾಗ ನನ್ನ ಬೆನ್ನನ್ನೂ ನೋಡಿಕೊಳ್ಳಬೇಕು. ನಾನು ಕಾರವಾರದಲ್ಲಿ ಗಾಳಿಗೆ ಕೂತಿದ್ದಾಗ ಮನೆಯಲ್ಲಿ ನೀರು ತುಂಬಿ, ಮಗನಿಗೆ ಊಟ ಹಾಕಿ ಶಾಲೆಗೆ ಕಳಿಸಿದವರು ಅತ್ತೆಯವರು. ಅವರು ಯಾವ ಊರನ್ನೂ ನೋಡಲಿಲ್ಲ. ಒಬ್ಬಳ ಪ್ರವಾಸದ ಹಿಂದೆ ಇನ್ನೊಬ್ಬಳ ಮನೆವಾಸ ಇದ್ದೇ ಇರುತ್ತದೆ. ಅಗಾಥಾ ಇದನ್ನು ಬರೆಯಲಿಲ್ಲ. ನಾನಾದರೂ ಬರೆದಿಡುತ್ತೇನೆ.

ಇಷ್ಟೆಲ್ಲ ಹೇಳಿದರೂ ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಕಾರಣ, ಅದು ಹುಟ್ಟಿದ ಹೊತ್ತು. ಎರಡನೆಯ ಮಹಾಯುದ್ಧದಲ್ಲಿ ಮ್ಯಾಕ್ಸ್ ವಾಯುಪಡೆಯ ಕೆಲಸದ ಮೇಲೆ ಉತ್ತರ ಆಫ್ರಿಕಾದಲ್ಲಿದ್ದರು. ಅಗಾಥಾ ಲಂಡನ್ನಿನಲ್ಲಿ ಒಬ್ಬರೇ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ, ನಡುವೆ ಈ ಬರವಣಿಗೆ. 1944ರಲ್ಲಿ ಮುಗಿಸಿದರು, 1946ರಲ್ಲಿ ಪ್ರಕಟವಾಯಿತು. ಇಲಿ, ಧೂಳು, ಕೆಸರಿನಲ್ಲಿ ಹೂತ ಕಾರು ಇವನ್ನೆಲ್ಲ ಅಷ್ಟು ನಗುತ್ತ ನೆನೆದದ್ದು ದೂರವಿದ್ದ ಗಂಡನಿಗಾಗಿ ಎಂದು ತಿಳಿದ ಮೇಲೆ ಅದೇ ಪುಟಗಳು ಬೇರೆಯಾಗಿ ಕಂಡವು. ಅಂದಿನ ಕಷ್ಟಗಳೇ ಈಗಿನ ಸುಖವಾಗಿದ್ದವು. ಆಕೆ ಪ್ರೀತಿಸಿದ ಆ ನಾಡಿಗೂ ಮುಂದೆ ಸುಖವಾಗಲಿಲ್ಲ. 2011ರಿಂದ ಸಿರಿಯಾ ಅಂತರ್ಯುದ್ಧದಲ್ಲಿ ಬೆಂದಿತು. ನಿಮ್ರೂದ್‌ನ ಅವಶೇಷಗಳನ್ನು 2015ರಲ್ಲಿ ಉಗ್ರರು ಒಡೆದುಹಾಕಿದರು.

ನಮ್ಮವರು ಹೋದ ವರ್ಷ ನಿವೃತ್ತರಾದರು. ಇನ್ನು ಟೂರೂ ಇಲ್ಲ, ಕೊಳೆಬಟ್ಟೆಯ ಚೀಲವೂ ಇಲ್ಲ. ನನಗಿನ್ನೂ ಸರ್ವಿಸ್ ಇದೆ. ಮುಂದಿನ ತಿಂಗಳು ವಿಜಯಪುರದಲ್ಲಿ ನನ್ನ ವಿಷಯದ ತರಬೇತಿ ಶಿಬಿರ, ಐದು ದಿನ. “ನಾನೂ ಬರಲೇನೇ? ಹಗಲೆಲ್ಲ ನಾನು ಏನು ಮಾಡಲಿ?” ಎಂದು ನಿನ್ನೆ ಕೇಳಿದರು. “ನಿಮ್ಮದೇ ಒಂದು ಕೆಲಸ ಕಟ್ಟಿಕೊಂಡು ಬನ್ನಿ” ಎಂದೆ. “ಗೋಲಗುಮ್ಮಟಕ್ಕೆ ಮಾತ್ರ ಒಬ್ಬರೇ ಹೋಗಬೇಡಿ. ಭಾನುವಾರ ನನಗೆ ರಜಾ.”