ಸೌದೆಯ ಅನಿಲ ಕುಡಿದ ಎಂಜಿನ್
ಹಳ್ಳಿ ಕಡೆಯ ಹೊಲಗಳಲ್ಲಿ ಡೀಸೆಲ್ ಪಂಪಿನ ಸದ್ದು ಕೇಳಿದವರಿಗೆ, ಅದೇ ಎಂಜಿನ್ ಸೌದೆಯಿಂದ ಓಡುತ್ತದೆಂದರೆ ಅಚ್ಚರಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ರೂಪಿಸಿದ, ಸೌದೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರಿಗೆ ಮುಚ್ಚಳವಿಲ್ಲ. ಗಾಳಿ ಮೇಲಿನಿಂದಲೂ ಪಕ್ಕದ ಕೊಳವೆಯಿಂದಲೂ ನುಗ್ಗುತ್ತದೆ. ಕೆಂಡದ ಹಾಸು ಆಳದವರೆಗೂ ಕಾದಿರುವುದರಿಂದ, ಎಂಜಿನ್ನಿಗೆ ಕಂಟಕವಾದ ಟಾರು ಬಹುಪಾಲು ಅಲ್ಲೇ ಒಡೆಯುತ್ತದೆ. ಎಷ್ಟು ಸರಳ, ಎಷ್ಟು ಜಾಣ!

1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಈ ಅನಿಲ ಡೀಸೆಲ್ ಜೊತೆ ಉರಿದು ಮನೆಗಳಿಗೆ ಬೆಳಕು ಕೊಟ್ಟಿತು. ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿ. ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಮುಂದಿನ ಪ್ರಯೋಗ. ಡೀಸೆಲನ್ನು ಪೂರ್ತಿ ಬಿಟ್ಟು ಕಿಡಿಯಿಂದ ಹೊತ್ತಿಸಿದರೆ, ಸುಮಾರು ಅರ್ಧ ಸಾರಜನಕವೇ ತುಂಬಿರುವ ಈ ಬಡ ಅನಿಲ 17:1 ಸಂಪೀಡನದಲ್ಲೂ ನಾಕಿಂಗ್ (ಎಂಜಿನ್ನಿನೊಳಗೆ ಅನಿಲ ತಾನಾಗಿಯೇ ಸಿಡಿಯುವುದು) ಇಲ್ಲದೆ ಉರಿಯುತ್ತದೆಂದು 2001ರಲ್ಲಿ ಮುಕುಂದ ಮತ್ತು ಸಂಗಡಿಗರು ಪ್ರಕಟಿಸಿದರು.