ಊರಿಲ್ಲದವರ ಕೇರಿ

ನಮ್ಮ ವಿಮರ್ಶೆಗೆ ‘ಬೇರು’ ಎಂಬ ಮಾತಿನ ಮೇಲೆ ವಿಪರೀತ ಮೋಹ. ಲೇಖಕನಿಗೊಂದು ಊರು ಇರಬೇಕು. ಊರಿಗೊಂದು ಕೆರೆ, ಗುಡಿ, ಹುಣಸೆಮರ ಇರಬೇಕು. ದಲಿತ ಲೇಖಕನಾದರೆ ಊರ ಹೊರಗೊಂದು ಕೇರಿ ಇರಬೇಕು. ಇವಿಲ್ಲದವನು ಬರೆದರೆ ‘ಬಂಧ ಶಿಥಿಲವಾಗಿದೆ, ಸ್ಥಳದ ಚಹರೆ ಮೂಡಿಲ್ಲ’ ಅಂತ ಷರಾ ಬರೀತಾರೆ. ನನ್ನ ಬಾಲ್ಯದ ಕುರಿತ ಬರಹವೊಂದು ಹೀಗೇ ವಾಪಸು ಬಂದಿತ್ತು. ಆ ಷರಾಕ್ಕೆ ಉತ್ತರ ಕೊಡದೆ ದಲಿತ ವಿಮರ್ಶೆಯ ಬಗ್ಗೆ ಮಾತಾಡೋದು ನನಗೆ ಸಾಧ್ಯವಿಲ್ಲ.

ನಾವು ಗುಳೆ ಹೋಗುವ ಮಂದಿ. ಅಪ್ಪ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡ ದಿನವೇ ಗಂಟುಮೂಟೆ ಕಟ್ಟಬೇಕಿತ್ತು. ನಾರಾಯಣಪುರದ ಕಾಲುವೆ ಅಗೆತ, ಆಮೇಲೆ ಕಲ್ಲು ಖಣಿ, ಆಮೇಲೆ ಬೆಂಗಳೂರಿನ ಕಟ್ಟಡದ ಶೆಡ್ಡು. ಅಪ್ಪ ಕುಡಿದು ಜಗಳ ತೆಗೆದರೆ ಅವ್ವ ನಮ್ಮನ್ನು ಕರಕೊಂಡು ಇನ್ನೊಂದು ಕಡೆ. ನಾಲ್ಕನೇ ಇಯತ್ತೆ ಮುಗಿಯೋದ್ರೊಳಗೆ ಐದು ಸಾಲಿ. ಒಂದು ಸಾಲಿಯಲ್ಲಿ ಮಾಸ್ತರರು ‘ಊರು ಯಾವುದಂತ ಬರೀಲವ್ವ?’ ಅಂದರು. ಅವ್ವ, ‘ಈಗಂತೂ ಇಲ್ಲೇ ಅದೀವ್ರಿ, ಮುಂದಿಂದು ಮೇಸ್ತ್ರಿ ಹೇಳ್ತಾನ್ರಿ’ ಅಂದಳು. ಕಾಲುವೆ ದಂಡೆಯಲ್ಲಿ ನನ್ನ ತಂಗಿಯನ್ನು ಮಣ್ಣು ಮಾಡಿದ ಜಾಗ ಎಲ್ಲಿಯದೆಂದು ಅವ್ವನಿಗೂ ಈಗ ತಿಳಿಯದು. ಇಂಥ ನೆನಪಿಗೆ ಯಾವ ಸ್ಥಳದ ಚಹರೆ ಮೂಡಿಸೋದು?

ಆದರೆ ಎಲ್ಲಿಗೆ ಹೋದರೂ ಒಂದು ಮಾತ್ರ ನಮಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಶೆಡ್ಡುಗಳ ಸಾಲಿನಲ್ಲಿ ನಮ್ಮದು ಕಡೇದು. ನಳದ ಸರದಿಯಲ್ಲಿ ನಮ್ಮ ಕೊಡ ಕೊನೇದು. ‘ಯಾವ ಮಂದಿ ನೀವು?’ ಅನ್ನೋ ಪ್ರಶ್ನೆ ಹೆಸರು ಕೇಳೋದಕ್ಕಿಂತ ಮೊದಲು. ಊರು ಬದಲಾಯಿತು, ಕೇರಿ ಬದಲಾಗಲಿಲ್ಲ. ಕೇರಿ ಎಂಬುದು ಜಾಗದ ಹೆಸರಲ್ಲ, ಮನುಷ್ಯರ ನಡುವಿನ ಸಂಬಂಧದ ಹೆಸರು ಎಂದು ನಾನು ಕಲಿತದ್ದು ಆ ಸರದಿಯಲ್ಲಿ ನಿಂತು.

ಇದನ್ನು ಹಿಡಕೊಂಡು ಓದಿದರೆ ನಮ್ಮ ಆತ್ಮಕಥನಗಳು ಬೇರೆ ಥರ ಕಾಣುತ್ತವೆ. ಮರಾಠಿಯ ದಯಾ ಪವಾರರ ‘ಬಲುತಂ’ (1978) ಹಳ್ಳಿಯ ಮಹಾರವಾಡಕ್ಕೂ ಮುಂಬಯಿಯ ಕಾವಾಖಾನಕ್ಕೂ ನಡುವೆ ಓಡಾಡುತ್ತದೆ. ಅಲ್ಲಿ ದಗಡು ಎಂಬವನು ದಯಾ ಪವಾರನಿಗೆ ತನ್ನ ಕಥೆ ಹೇಳುತ್ತಾನೆ, ಇಬ್ಬರೂ ಒಬ್ಬರೇ. ಇದನ್ನು ತಂತ್ರವೆಂದು ಹೊಗಳಿ ಸುಮ್ಮನಾದರೆ ಸಾಲದು. ಎರಡು ಕಡೆ ಬೆಳೆದವನಿಗೆ ಒಂದೇ ‘ನಾನು’ ಸಾಲುವುದಿಲ್ಲ.

ಸಿದ್ಧಲಿಂಗಯ್ಯನವರ ‘ಊರುಕೇರಿ’ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ಅದರ ಹಾಸ್ಯದಲ್ಲಿ ಸಿಟ್ಟು ಕರಗಿಹೋಗಿದೆ ಎಂದು ಓದುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಹೊಸ ಬೀದಿಗೆ ಬಂದ ಬಡ ಹುಡುಗ ಮೊದಲು ಕಲಿಯೋದು ನಗಿಸೋದನ್ನ. ನಗಿಸಿದರೆ ಹೊಡೆಯೋರು ಒಂದು ಗಳಿಗೆ ಕೈ ತಡೀತಾರೆ. ಆ ಒಂದು ಗಳಿಗೆಯ ಬೆಲೆ ಗೊತ್ತಿಲ್ಲದ ವಿಮರ್ಶೆ ಹಾಸ್ಯವನ್ನು ಸ್ವಭಾವ ಅಂದುಕೊಳ್ಳುತ್ತದೆ.

ಹಾಗಂತ ಈ ಓಡಾಟವನ್ನು ವೈಭವೀಕರಿಸೋದೂ ಬೇಡ. ‘ಅಲೆಮಾರಿ ಪ್ರಜ್ಞೆ’ಯನ್ನು ಬಿಡುಗಡೆಯ ರೂಪಕವಾಗಿ ಕೊಂಡಾಡುವವರಿದ್ದಾರೆ. ಮುಂಗಡದ ಸಾಲ ಅಟ್ಟಿದ ಕಡೆಗೆ ಹೋದವರಿಗೆ ಇದು ಕ್ರೂರ ತಮಾಷೆ.

ನಮ್ಮೊಳಗಿನ ಮಾತೂ ಒಂದಿದೆ. ನಮ್ಮ ಚಳವಳಿಯ ಘೋಷಣೆಗಳು ಬಹುಪಾಲು ನೆಲೆ ನಿಂತ ಕೇರಿಗಳಿಂದ ಹೊರಟವು. ಪಡಿತರ ಚೀಟಿ ಒಂದೂರಲ್ಲಿ, ಹೊಟ್ಟೆ ಇನ್ನೊಂದೂರಲ್ಲಿ ಇರೋರು ಸಭೆಗೆ ಸಿಗಲಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ಮೂರು ಕಲ್ಲು ಹೂಡಿದ ಕಡೆಯನ್ನೆಲ್ಲ ಮನೆ ಮಾಡಿದ ಅವ್ವನಂಥವರ ಮಾತಿಗೆ ನಮ್ಮ ವಿಮರ್ಶೆಯಲ್ಲಿ ಇನ್ನೂ ಪರಿಭಾಷೆ ಹುಟ್ಟಿಲ್ಲ.

1931ರಲ್ಲಿ ಅಂಬೇಡ್ಕರ್ ಗಾಂಧೀಜಿಗೆ ತನಗೆ ತಾಯ್ನಾಡಿಲ್ಲ ಎಂದು ಹೇಳಿದ್ದರು. ಆ ಮಾತನ್ನು ನಾವು ರಾಜಕೀಯ ಭಾಷಣದಲ್ಲಿ ಬಳಸ್ತೀವಿ. ಕೃತಿಯ ಬಂಧದ ಪ್ರಶ್ನೆ ಬಂದಾಗ ಮರೀತೀವಿ. ಊರಿಲ್ಲದವನ ಕಥೆ ತುಂಡು ತುಂಡಾಗಿಯೇ ಬರುತ್ತದೆ. ಹೊಲಿಗೆ ಸರಿಯಿಲ್ಲ ಅನ್ನೋ ಮೊದಲು, ಹರಿದವರು ಯಾರು ಅಂತ ವಿಮರ್ಶಕ ಕೇಳಲಿ.